ನಮ್ಮ ಮನೆಯ ಯೆಜ್ಡಿ

ನಮ್ಮ ಮನೆಯಲ್ಲಿ ನನಗಿಂತ ಹಿರಿಯನೊಬ್ಬನಿದ್ದಾನೆ. ಅವನಿಗೆ ಆಹಾರ ಪೆಟ್ರೋಲು, ಅದರೊಡನೆ ಅಳತೆಯಿಟ್ಟು ಎಣ್ಣೆ. ಮುಂಜಾನೆ ನಾಲ್ಕೂವರೆಗೆ ಅವನು ಕೆಮ್ಮಿದನೆಂದರೆ ಬೀದಿಯ ಕೋಳಿಗಳು ತಮ್ಮ ಕೆಲಸ ತಪ್ಪಿತೆಂದು ಸುಮ್ಮನಾಗುತ್ತವೆ. ಅವನೇ ನಮ್ಮ ತಂದೆಯವರ ಯೆಜ್ಡಿ ರೋಡ್‌ಕಿಂಗ್ ಮೋಟಾರು ಬೈಕು, 1994ರ ಗಾಡಿ. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು ಅಪ್ಪ ಅದನ್ನು ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡರು. ಅಂದಿನಿಂದ ಚಿಕ್ಕಯ್ಯನಛತ್ರದ ನಮ್ಮ ತೋಟದ ಬಾಳೆಯೆಲೆಯ ಕಟ್ಟುಗಳು ನಂಜನಗೂಡಿನ ಹೋಟೆಲುಗಳನ್ನು ಸೇರುವುದು ಅದರ ಬೆನ್ನ ಮೇಲೆಯೇ.

ಅದರ ವಂಶ ಸಾಮಾನ್ಯವಾದುದಲ್ಲ. 1929ರಲ್ಲಿ ಚೆಕೊಸ್ಲೊವಾಕಿಯದ ಯಾನೆಚೆಕ್ ಎಂಬವರು ವಾಂಡರರ್ ಕಂಪೆನಿಯ ಬೈಕಿನ ವ್ಯವಹಾರವನ್ನು ಕೊಂಡು, ಎರಡು ಹೆಸರುಗಳ ತಲೆಗಳನ್ನು ಕೂಡಿಸಿ 'ಜಾವಾ' ಎಂದು ಕರೆದರಂತೆ. ಆ ಜಾವಾ ನಮ್ಮ ಮೈಸೂರಿನ ಯಾದವಗಿರಿಗೆ 1961ರಲ್ಲಿ ಬಂದಿತು. ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಎಪ್ಪತ್ತರ ದಶಕದಲ್ಲಿ ಅದಕ್ಕೆ ಇರಾನಿನ ಯಜ್ದ್ ಊರಿನ ನೆನಪಿನಲ್ಲಿ ಯೆಜ್ಡಿ ಎಂಬ ಹೆಸರಾಯಿತು. ಚೆಕ್ ದೇಶದ ರಕ್ತ, ಪಾರಸಿ ಹೆಸರು, ಮೈಸೂರಿನ ಕೈಗೆಲಸ! 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಯೆಜ್ಡಿ ಎಂಬ ಹೆಸರಿನ ಹೊಸ ಬೈಕುಗಳು 2022ರಿಂದ ಮತ್ತೆ ಬಂದಿವೆ. ಅಪ್ಪ ಅವುಗಳನ್ನು ದೂರದ ನೆಂಟರಂತೆ ನೋಡುತ್ತಾರೆ.

ತವರು ಮುಚ್ಚಿದ ಮೇಲೂ ಗಾಡಿಯನ್ನು ಸಾಕುವವರು ಲೋಕದಲ್ಲೆಲ್ಲ ಇದ್ದಾರೆ. ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿದ್ದ ಎಂ.ಜಿ. ಕಾರಿನ ಕಾರ್ಖಾನೆ 1980ರಲ್ಲಿ ನಿಂತುಹೋಯಿತು. ಆಸ್ಟ್ರೇಲಿಯದವರು ಆ ಕಾರುಗಳನ್ನು ಇಂದಿಗೂ ಒರೆಸಿ, ಉಜ್ಜಿ, ಭಾನುವಾರ ಹೊರಗೆ ತೆಗೆಯುತ್ತಾರೆ. ನಮ್ಮ ಗಾಡಿಗೆ ಮಾತ್ರ ಭಾನುವಾರವಿಲ್ಲ. ಅಂದು ಎಲೆಗೆ ಗಿರಾಕಿ ಹೆಚ್ಚು.

ಇದರ ಸೇವೆ ಸುಲಭವೆಂದು ಯಾರೂ ತಿಳಿಯಬಾರದು. ಒದೆಯುವ ಕಿಕ್ಕರೂ ಗೇರಿನ ಲಿವರೂ ಒಂದೇ. ಹೊಸಬರು ಗೇರು ಹಾಕಲು ಹೋಗಿ ನಾಚಿಕೊಂಡು ಇಳಿಯುತ್ತಾರೆ. ಸೈಲೆನ್ಸರಿನಲ್ಲಿ ಕಟ್ಟಿದ ಮಸಿಯನ್ನು ಆಗಾಗ ಸುಟ್ಟು ಕೆರೆಯಬೇಕು. ಎಲ್ಲಕ್ಕಿಂತ ಮುಖ್ಯ ಎಣ್ಣೆ. ಎರಡು ಸ್ಟ್ರೋಕಿನ ಈ ಇಂಜಿನ್ನಿನಲ್ಲಿ ಪಿಸ್ಟನ್ನಿಗೆ ಬೇರೆ ಎಣ್ಣೆಯ ದಾರಿಯಿಲ್ಲ. ಪೆಟ್ರೋಲಿನಲ್ಲಿ ಬೆರೆತು ಬಂದದ್ದೇ ಗತಿ. ಲೀಟರಿಗೆ 40 ಮಿಲಿಲೀಟರು ಎಂಬುದು ಅಪ್ಪನ ಲೆಕ್ಕ. ಪ್ಲಗ್ಗು ಬಿಚ್ಚಿ ನೋಡಿ, ಕಪ್ಪಗೆ ಜಿಡ್ಡಾಗಿದ್ದರೆ ಹೆಚ್ಚಾಯಿತು, ಬಿಳಿಚಿಕೊಂಡಿದ್ದರೆ ಬಿಸಿಯೇರಿದೆ ಎನ್ನುತ್ತಾರೆ. ಅಕ್ಷರ ಬಾರದ ಅಪ್ಪ ಓದುವುದು ಅದೊಂದನ್ನೇ.

ಕಳೆದ ಮಾಘದಲ್ಲಿ ನಾನು ತಿ. ನರಸೀಪುರದ ಸೋದರತ್ತೆಯ ಮನೆಗೆ ಯೆಜ್ಡಿಯಲ್ಲಿ ಹೋಗಿದ್ದೆ. ಮರಳುವಾಗ ಟ್ಯಾಂಕು ರಿಸರ್ವಿಗೆ ಬಂದಿತ್ತು. ಬಂಕಿನಲ್ಲಿ ಮೂರು ಲೀಟರು ಹಾಕಿಸುತ್ತಿರುವಾಗ ಗೆಳೆಯನ ಫೋನು: ಐದನೆಯ ಸೆಮಿಸ್ಟರಿನ ಫಲಿತಾಂಶ ಬಂದಿದೆ, ನೀನು ಪಾಸು. ಆ ಹಿಗ್ಗಿನಲ್ಲಿ ಎಣ್ಣೆಯ ಸೀಸೆ ಪೆಟ್ಟಿಗೆಯಲ್ಲೇ ಉಳಿಯಿತು. ಕೆಲವು ಮೈಲಿ ಬಂದ ಮೇಲೆ ಗಾಡಿ ಒಮ್ಮೆ ಬಿಗಿಯಿತು, ಹಿಂದಿನ ಚಕ್ರ ಕಿರ್ರೆಂದು ಎಳೆಯಿತು. ಕ್ಲಚ್ಚು ಹಿಡಿದದ್ದರಿಂದ ನಾನು ಉಳಿದೆ. ಕಿಕ್ಕರಿನ ಮೇಲೆ ನಿಂತು ಕುಣಿದರೂ ಅದು ಅಲುಗಲಿಲ್ಲ.

ಲಗೇಜ್ ಆಟೋದಲ್ಲಿ ಹೇರಿ ಮೈಸೂರಿಗೆ ಕೊಂಡೊಯ್ದೆವು. ಅಲ್ಲಿನ ಮೇಸ್ತ್ರಿಗಳು ಒಂದು ಕಾಲಕ್ಕೆ ಅದೇ ಕಾರ್ಖಾನೆಯಲ್ಲಿ ದುಡಿದ ವೃದ್ಧರು. ಟ್ಯಾಂಕಿನ ಪೆಟ್ರೋಲಿಗೆ ಬೆರಳದ್ದಿ, ಉಜ್ಜಿ, ಮೂಸಿ, "ಜಿಡ್ಡೇ ಸಾಲದಲ್ಲ ಸ್ವಾಮಿ" ಎಂದರು. ಅಪ್ಪ ನನ್ನತ್ತ ನೋಡಿದರು. ಈಗ ಹೇಳಬಹುದಾಗಿತ್ತು. ನಾನು ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರು ನೋಡುತ್ತ ನಿಂತೆ.

"ಎಣ್ಣೆ ಕಲಬೆರಕೆ ಇರ್ಬೇಕು ಕಣ್ಲ ಮಗ" ಎಂದರು ಅಪ್ಪ.

ಸಿಲಿಂಡರನ್ನು ಬೋರು ಮಾಡಿಸಿ ದಪ್ಪ ಪಿಸ್ಟನ್ ಹಾಕಬೇಕಾಯಿತು. ಅದನ್ನು ಹುಡುಕಲು ಹದಿನೆಂಟು ದಿನ ಹಿಡಿಯಿತು. ಅಷ್ಟು ದಿನವೂ ಅಪ್ಪ ಎಲೆಯ ಕಟ್ಟುಗಳನ್ನು ಬಸ್ಸಿನ ಮೇಲೆ ಹಾಕಿ, ಕಂಡಕ್ಟರುಗಳ ಮಾತು ಕೇಳುತ್ತ ಹೋದರು. ಹಣ ಬಂದದ್ದು ನನ್ನ ಎಂ.ಎ.ಗೆಂದು ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಕೂಡಿಟ್ಟಿದ್ದ ಗಂಟಿನಿಂದ. "ಇನ್ನೊಂದು ಬೋರು ತಡೀತದೆ, ಆಮೇಲೆ ಸ್ಲೀವೇ ಹಾಕ್ಬೇಕು" ಎಂದು ಮೇಸ್ತ್ರಿಗಳು ಎಚ್ಚರಿಸಿ ಕಳಿಸಿದರು.

ಗಾಡಿ ಈಗ ಓಡುತ್ತಿದೆ. ಓಡದಿರುವುದು ಬೇರೊಂದು. ಅಪ್ಪ ಇಪ್ಪತ್ತು ವರ್ಷ ಎಣ್ಣೆ ಕೊಳ್ಳುತ್ತಿದ್ದ ನಂಜನಗೂಡಿನ ಅಂಗಡಿಗೆ ಅಂದಿನಿಂದ ಕಾಲಿಟ್ಟಿಲ್ಲ. ಜಗಳವಾಡಲಿಲ್ಲ, ಒಂದು ಮಾತೂ ಕೇಳಲಿಲ್ಲ. ಸುಮ್ಮನೆ ಬೇರೆ ಅಂಗಡಿಗೆ ಹೋಗತೊಡಗಿದರು. ಕಾಲೇಜಿಗೆ ನಡೆಯುವಾಗ ಆ ಅಂಗಡಿಯ ಯಜಮಾನರು ಕೂಗಿ ಕೇಳುತ್ತಾರೆ: "ಏನಪ್ಪಾ, ನಿಮ್ಮಪ್ಪ ಚೆನ್ನಾಗವ್ರಾ? ಈ ಕಡೆ ಕಾಣೋದೇ ಇಲ್ವಲ್ಲ?" ಕೆಲಸ ಜಾಸ್ತಿ ಎಂದು ಉತ್ತರಿಸುತ್ತೇನೆ. ಪ್ಲಗ್ಗಿನ ಬಣ್ಣ ಓದಬಲ್ಲವರು ಅಂದು ನನ್ನ ಮುಖವನ್ನು ಓದಲಿಲ್ಲವೇ ಎಂಬ ಅನುಮಾನವೂ ನನಗುಂಟು. ಓದಿದ್ದರೆ, ಮೇಸ್ತ್ರಿಗಳ ಎದುರಿಗೆ ಮಗನ ಮಾನ ಉಳಿಸಲು ಅಂಗಡಿಯವರ ಮಾನ ಕಳೆದರೆ? ಅದನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಈ ಸಂಚಿಕೆ ಅಚ್ಚಾಗಿ ಬಂದಾಗ ಅಪ್ಪ ಮೊದಲು ನನ್ನ ಹೆಸರು ಎಲ್ಲಿದೆ ತೋರಿಸು ಎನ್ನುತ್ತಾರೆ, ಬೆರಳಿಟ್ಟು ನೋಡುತ್ತಾರೆ, ಆಮೇಲೆ ಓದು ಎನ್ನುತ್ತಾರೆ. ಜಗಲಿಯ ಮೇಲೆ ಕುಳಿತು ನಾನೇ ಓದಿ ಹೇಳಬೇಕು. ಎಣ್ಣೆಯ ಭಾಗವನ್ನು ಹಾರಿಸಿ ಓದಿಬಿಟ್ಟೇನೆಂಬ ಭಯವಿದೆ. ಆದ್ದರಿಂದ ಊರಿಗೆ ಹೊರಡುವ ಮುಂಚೆಯೇ ಒಂದು ಪ್ರತಿಯನ್ನು ಆ ಅಂಗಡಿಯಲ್ಲಿ ಕೊಟ್ಟು ಬರುವುದೆಂದು ನಿಶ್ಚಯಿಸಿದ್ದೇನೆ. ಯಜಮಾನರು ಕನ್ನಡಕ ಹಾಕಿಕೊಳ್ಳುವುದರೊಳಗೆ ಬಸ್ಸು ಸಿಕ್ಕಿದರೆ ಸಾಕು.