ಯಾವುದರ ಬದಲಿಗೆ?

ಕಳೆದ ಚಾತುರ್ಮಾಸದ ದಿನಗಳಲ್ಲಿ ನನ್ನ ಮೊಮ್ಮಗನು ಸ್ವೀಡನ್ನಿನಿಂದ ವೈಯಾಲಿಕಾವಲಿನ ನಮ್ಮ ಮನೆಗೆ ಬಂದಿದ್ದನು. ಒಂದು ಬೆಳಿಗ್ಗೆ ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯ ಪಕ್ಕ ದುಂಡನೆಯ ಪುಟ್ಟ ಡಬ್ಬಿಯೊಂದು ಕಂಡಿತು. ಔಷಧಿಯಿರಬೇಕೆಂದು ಕೇಳಿದೆ. ಅವನು ಮರೆಮಾಚಲಿಲ್ಲ. “ಅಜ್ಜ, ಅದು ಸ್ನೂಸ್. ತಂಬಾಕು” ಎಂದನು.

ನನ್ನ ಮುಖ ಬಾಡಿದುದನ್ನು ಕಂಡು ಅವನು ಸಮಾಧಾನವಾಗಿ ವಿವರಿಸಿದನು. ಅಮೆರಿಕದಲ್ಲಿ ಓದುವಾಗ ಅವನು ಸಿಗರೇಟು ಕಲಿತಿದ್ದನು. ಅಲ್ಲಿಯ ಗೆಳೆಯರು ಒದ್ದೆಯಾದ ತಂಬಾಕಿನ ಎಸಳನ್ನು ಕೆಳದುಟಿಯೊಳಗೆ ಇಟ್ಟುಕೊಂಡು, ಮತ್ತೆ ಮತ್ತೆ ಉಗುಳುತ್ತಿದ್ದರಂತೆ. ಆ ತಂಬಾಕನ್ನು ಹುದುಗಿಸಿ ಹದ ಮಾಡುತ್ತಾರೆ. ಆಗ ಬೆಳೆಯುವ ಬ್ಯಾಕ್ಟೀರಿಯಗಳ ಕ್ರಿಯೆಯಿಂದ ನೈಟ್ರೊಸಮೈನ್ ಎಂಬ ಕ್ಯಾನ್ಸರ್‌ಕಾರಕ ದ್ರವ್ಯಗಳು ಹೆಚ್ಚುತ್ತವೆ. ಸ್ವೀಡನ್ನಿನವರದು ಬೇರೆ ಕ್ರಮ. ಅರೆದ ತಂಬಾಕಿಗೆ ನೀರು, ಉಪ್ಪು ಬೆರೆಸಿ ಹಬೆಯಲ್ಲಿ ಕಾಯಿಸುತ್ತಾರೆ. “ಅಜ್ಜಿ ಕುಡಿಯುವ ನೀರನ್ನು ಕಾಯಿಸುವ ಹಾಗೆಯೇ” ಎಂದು ಅವನು ನಕ್ಕನು. ಬ್ಯಾಕ್ಟೀರಿಯಗಳು ಅಳಿಯುವುದರಿಂದ ವಿಷವೂ ಕಡಿಮೆ. ಅದನ್ನು ಮೇಲ್ದುಟಿಯೊಳಗೆ ಇಡುತ್ತಾರೆ, ಉಗುಳುವ ಅಗತ್ಯವಿಲ್ಲ. ಅದರ ನೆರವಿನಿಂದಲೇ ತಾನು ಸಿಗರೇಟನ್ನು ಬಿಟ್ಟೆನೆಂದು ಹೇಳಿದನು.

ಅವನ ಮಾತು ಸುಳ್ಳಲ್ಲ. 1992ರಲ್ಲಿ ಯೂರೋಪಿನ ಒಕ್ಕೂಟವು ಇಂತಹ ತಂಬಾಕಿನ ಮಾರಾಟವನ್ನು ನಿಷೇಧಿಸಿತು. 1995ರಲ್ಲಿ ಒಕ್ಕೂಟವನ್ನು ಸೇರಿದ ಸ್ವೀಡನ್ ಮಾತ್ರ ವಿನಾಯಿತಿ ಪಡೆಯಿತು. 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕೆಲವು ಸ್ವೀಡಿಷ್ ಸ್ನೂಸುಗಳ ಬಗೆಗೆ, ಸಿಗರೇಟಿನ ಬದಲಿಗೆ ಬಳಸಿದರೆ ಬಾಯಿಯ ಹಾಗೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಕಡಿಮೆಯೆಂದು ಹೇಳಿಕೊಳ್ಳಲು ಅನುಮತಿ ನೀಡಿತು. ಆದರೆ ನಿಕೋಟಿನ್ ದಾಸ್ಯವು ಎರಡರಲ್ಲಿಯೂ ಇದೆ. ಗರ್ಭಿಣಿಯರಿಗೆ ಎರಡೂ ಅಹಿತ.

“ಬದಲಿಗೆ” ಎಂಬ ಆ ಒಂದು ಪದವು ನನ್ನನ್ನು ರಾತ್ರಿಯೆಲ್ಲ ಕಾಡಿತು.

ನಮ್ಮದು ನಿಪ್ಪಾಣಿಯ ಕಡೆಯ ಒಕ್ಕಲು ಮನೆತನ. ತಂದೆಯವರು ಬೀಡಿ ತಂಬಾಕು ಬೆಳೆಯುತ್ತಿದ್ದರು. ನನ್ನ ವಿದ್ಯೆಯ ವೆಚ್ಚವೆಲ್ಲ ಆ ಎಲೆಯಿಂದಲೇ ಬಂದದ್ದು. 1981ರಲ್ಲಿ ನ್ಯಾಯವಾದ ಬೆಲೆಗಾಗಿ ಅಲ್ಲಿಯ ಬೆಳೆಗಾರರು ಹೆದ್ದಾರಿಯಲ್ಲಿ ಕುಳಿತಾಗ ನನ್ನ ಮನಸ್ಸೂ ಅವರೊಡನೆ ಇತ್ತು. ಶ್ರಾವಕನು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದೆಂದು ಬಾಲ್ಯದಲ್ಲಿಯೇ ಕಲಿತಿದ್ದೆ. ತಂಬಾಕಿಗೂ ಅದಕ್ಕೂ ಸಂಬಂಧವಿರಬಹುದೆಂದು ಮಾತ್ರ ಎಂದೂ ಹೊಳೆಯಲಿಲ್ಲ. ಸಪ್ತವ್ಯಸನಗಳಲ್ಲಿಯೂ ಅದರ ಹೆಸರಿಲ್ಲ. ಈ ಗಿಡ ನಮ್ಮ ನಾಡಿಗೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ.

ಅವ್ವನು ನನ್ನೊಡನೆ ಬೆಂಗಳೂರಿಗೆ ಬಂದ ಮೇಲೆಯೂ ಊರಿನಿಂದ ತಂಬಾಕನ್ನು ತರಿಸುತ್ತಿದ್ದಳು. ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿಮಾಡಿ, ಆ ಮಿಶ್ರಿಯಿಂದ ದಿನಕ್ಕೆರಡು ಬಾರಿ ಹಲ್ಲುಜ್ಜುತ್ತಿದ್ದಳು. ರಾತ್ರಿಭೋಜನವನ್ನು ಮಾಡದ, ಗಡ್ಡೆಗೆಣಸನ್ನು ಮುಟ್ಟದ, ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿರುತ್ತಿದ್ದ ಸಾಧ್ವಿ ಅವಳು. 1987ರಲ್ಲಿ ಅವಳ ಕೆನ್ನೆಯೊಳಗೆ ಹುಣ್ಣೊಂದು ಮಾಯದೆ ಉಳಿಯಿತು. ವೈದ್ಯರು, “ಇವರು ತಂಬಾಕು ಹಾಕುತ್ತಾರೆಯೇ?” ಎಂದು ಕೇಳಿದರು. ನಾನು, “ಇಲ್ಲ, ನಾವು ಜೈನರು” ಎಂದೆ. ಸುಳ್ಳು ಹೇಳುತ್ತಿದ್ದೇನೆಂಬ ಅರಿವೂ ನನಗಿರಲಿಲ್ಲ. ಮಿಶ್ರಿ ನಮ್ಮ ಪಾಲಿಗೆ ಹಲ್ಲುಪುಡಿಯಾಗಿತ್ತು. ಕಾಯಿಲೆಯ ಹೆಸರು ತಿಳಿಯುವಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ಅವಳು ಉಳಿಯಲಿಲ್ಲ.

ಮೊಮ್ಮಗನ ಸ್ನೂಸ್ ಸಿಗರೇಟಿನ ಬದಲಿಗೆ ಬಂದದ್ದು. ಅವ್ವನ ಮಿಶ್ರಿ ಬಂದದ್ದು ಬೇವಿನ ಕಡ್ಡಿಯ ಬದಲಿಗೆ. ಅಣುವ್ರತವೂ ಅಪೂರ್ಣವೇ, ಆದರೆ ಅದರ ಮುಖವು ಮಹಾವ್ರತದ ಕಡೆಗಿದೆ. ಕಡಿಮೆ ಕೆಡುಕನ್ನು ತೂಗುವಾಗಲೂ ಅದರ ಮುಖ ಯಾವ ಕಡೆಗಿದೆಯೆಂದು ನೋಡಬೇಕು. ಕೆಡುಕನ್ನು ಬಿಡುತ್ತಿರುವವನಿಗೆ ಅದು ಇಳಿಯುವ ಮೆಟ್ಟಿಲು. ಇನ್ನೂ ಆರಂಭಿಸದ ಬಾಲಕನಿಗೆ ಏರುವ ಮೆಟ್ಟಿಲು. ಮಾರುವವನಿಗಂತೂ ಅದು ನೆಪವೇ ಸರಿ.

ಮರುದಿನ ಮೊಮ್ಮಗನಿಗೆ ಅವ್ವನ ಕಥೆಯನ್ನು ಹೇಳಿದೆ. ಬೈಯಲಿಲ್ಲ, ದಿನಕ್ಕೆ ಎಷ್ಟೆಂದು ಕೇಳಿದೆ. ಹತ್ತು ಎಂದನು. ಸಂವತ್ಸರದೊಳಗೆ ಸೊನ್ನೆಗಿಳಿಸುವ ನಿಯಮವನ್ನು ತಾನಾಗಿಯೇ ಕೈಗೊಂಡನು. ಈಗ ನಾಲ್ಕಕ್ಕೆ ಬಂದಿದೆಯೆಂದು ಮೊನ್ನೆ ಫೋನಿನಲ್ಲಿ ತಿಳಿಸಿದನು.

ನಮ್ಮ ದೇಶದಲ್ಲಿ ತಂಬಾಕನ್ನು ಸೇದುವವರಿಗಿಂತ ಬಾಯಲ್ಲಿಡುವವರೇ ಹೆಚ್ಚು. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ಧೂಮಪಾನಿಗಳು ಶೇಕಡಾ 10.7, ಹೊಗೆರಹಿತ ತಂಬಾಕಿನವರು ಶೇಕಡಾ 21.4. ಅವರಲ್ಲಿ ನಮ್ಮ ಮನೆಗಳ ಹಿರಿಯರೂ ಇದ್ದಾರೆ. ನಶ್ಯ, ಮಿಶ್ರಿ, ಕಡ್ಡಿಪುಡಿ, ಎಲೆಯಡಿಕೆಯೊಡನೆ ಹೊಗೆಸೊಪ್ಪು — ಹೆಸರು ಯಾವುದೇ ಇರಲಿ, ವೈದ್ಯರು ಕೇಳಿದಾಗ ದಯವಿಟ್ಟು “ಹೌದು” ಎನ್ನಿ. ನಾನು ಹೇಳಬೇಕಾಗಿದ್ದ ಮಾತು ಅದು.