ಬಸವನಹುಳಕ್ಕ ಉಣ್ಣಾಕೇನು?

ನಮ್ಮ ಹುಬ್ಬಳ್ಳಿ ಮನ್ಯಾಗ ಒಂದು ಸಣ್ಣ ಉಪ್ಪುನೀರಿನ ಅಕ್ವೇರಿಯಂ ಐತ್ರಿ, 60 ಲೀಟರಿಂದು. ಹಟ ಮಗಂದು, ಹುರುಪು ಅವರಪ್ಪಂದು, ತೊಳಿಯೂ ಕೆಲಸ ಮಾತ್ರ ನಂದು.

ಎರಡು ತಿಂಗಳಾಗೂದ್ರಾಗ ಪಾಚಿ ಹಿಡೀತು. ಮೊದಲು ಗಾಜಿಗೆ ಕಂದು ಬಣ್ಣದ್ದು, ಆಮ್ಯಾಲೆ ಕಲ್ಲಿನ ಮ್ಯಾಲೆ ಹಸರು ಕೂದಲದಂಥಾದ್ದು. ಅಂಗಡಿಯವರನ್ನ ಕೇಳಿದ್ರ, "ಹತ್ತು ಟರ್ಬೋ ಬಸವನಹುಳ ಬಿಡ್ರೀ ಅಕ್ಕಾರ, ಕನ್ನಡಿ ಆಕ್ಕೈತಿ" ಅಂದ್ರು. ಬಿಟ್ವಿ. ವಾರದಾಗ ಖರೇನ ಕನ್ನಡಿ ಆತು. ನಾ ಭಾಳ ಖುಷಿ ಆದೆ.

ಮುಂದ ಮೂರು ವಾರಕ್ಕ ಒಂದೊಂದ ಉಸುಕಿನ ಮ್ಯಾಲೆ ಬಿದ್ದಿದ್ವು. ಮಲಗ್ಯಾವ ಅನಕೊಂಡೆ. ವಾಸನಿ ಬಂದಾಗ ತಗದು ನೋಡಿದ್ರ ನಾಕು ಸತ್ತಿದ್ವು. ಮಗ ಅವತ್ತು ಊಟ ಮಾಡಲಿಲ್ಲ. ನಮ್ಮ ಅತ್ತಿಯವರು ಒಂದ ಮಾತು ಹೇಳಿದ್ರು: "ಹತ್ತು ಮಂದೀನ ಉಣ್ಣಾಕ ಕರದಿ, ರೊಟ್ಟಿ ಬಡದದ್ದು ಎರಡು."

ಆಮ್ಯಾಲೆ ಕಲತೆ. ಟರ್ಬೋ ಭಾಳ ತಿಂತೈತಿ, ಸಣ್ಣ ಕಲ್ಲು ಉರುಳಸ್ತೈತಿ. ಟ್ರೋಕಸ್ ಬೋರಲ ಬಿದ್ರ ತಾನ ಎದ್ದು ಹೊಳ್ಳತೈತಿ; ಆಸ್ಟ್ರಿಯಾಕ್ಕ ಅದು ಆಗೂದಿಲ್ಲ, ನಾವ ಕೈಹಾಕಿ ಎಬ್ಬಸಬೇಕು. ನಸೇರಿಯಸ್ ಪಾಚಿ ಮುಟ್ಟೂದಿಲ್ಲ, ಮೀನು ಬಿಟ್ಟ ಕೂಳು ತಿಂತೈತಿ. ಹರ್ಮಿಟ್ ಏಡಿ ಪಾಚಿ ತಿಂತೈತಿ ಖರೆ, ಆದ್ರ ಚಿಪ್ಪಿನ ಆಸೇಕ ಬಸವನಹುಳಾನ ಕೊಲ್ಲೂದೂ ಉಂಟು. ಅದನ್ನ ಇಟ್ರ ಖಾಲಿ ಚಿಪ್ಪು ನಾಕು ಹಾಕಿರಬೇಕು. ಹಳದಿ ಟ್ಯಾಂಗ್ ಮೀನು ಚಂದ ಕಾಣ್ತೈತಿ, ಆದ್ರ ಗೇಣುದ್ದ ಬೆಳಿಯೂ ಮೀನಿಗೆ 60 ಲೀಟರ್ ಅಂದ್ರ ಜೈಲು. ಇನ್ನ, ಮೀನಿಗೆ ಜಡ್ಡು ಬಂತಂತ ತಾಮ್ರ ಇರೂ ಔಷಧ ಹಾಕಿದ್ರ ಹುಳ, ಏಡಿ ಎಲ್ಲಾ ಸಾಯ್ತಾವ.

ಉಳದ ಆರರಾಗ ಐದು ಟರ್ಬೋನ ದೊಡ್ಡ ಟ್ಯಾಂಕ್ ಇದ್ದವ್ರಿಗೆ ಕೊಟ್ವಿ. ಒಂದು ಟರ್ಬೋ, ಎರಡು ಟ್ರೋಕಸ್ ಅಷ್ಟ ಈಗ. ಲೈಟು 12 ತಾಸು ಹಚ್ಚತಿದ್ವಿ, 8ಕ್ಕ ಇಳಿಸೇವಿ. ಮಗ ಮೀನಿಗೆ ಮುಷ್ಟಿಲೆ ಕೂಳು ಹಾಕತಿದ್ದ, ಈಗ ಚಿಟಿಕಿ. ಪಾಚಿಗೆ ಗೊಬ್ಬರ ಹಾಕತಿದ್ದವ್ರು ನಾವ ಆಗಿದ್ವಿ. ಪಾಚಿ ಕಡಿಮಿ ಆದ್ರ ನೋರಿ, ಅಂದ್ರ ಒಣಗಿಸಿದ ಸಮುದ್ರದ ಸೊಪ್ಪು, ಒಂದು ಚೂರು ಕ್ಲಿಪ್ಪಿಗೆ ಸಿಗಸ್ತೀನಿ.

ಮುಂದಿನ ಗಾಜು ನಾನ ಉಜ್ಜತೀನಿ. ಹಿಂದಿಂದು ಹಸರಾಗೇ ಬಿಟ್ಟೀನಿ. ಬಂದವ್ರು "ಅದನ್ಯಾಕ ತೊಳದಿಲ್ಲ?" ಅಂತ ಕೇಳ್ತಾರ. ಅದು ಅವುಗಳ ಅಡಗಿಮನಿ ಅಂತ ನಮ್ಮ ಅತ್ತಿಯವರ ಉತ್ತರ ಕೊಡ್ತಾರ.