ಕಾದಂಬರಿಯ ಸಾಲದ ಲೆಕ್ಕ

ಯಾರು ಯಾರನ್ನು ಪ್ರೀತಿಸಿದರು ಎಂಬುದರ ಜೊತೆಗೆ ಯಾರು ಯಾರಿಗೆ ಎಷ್ಟು ಕೊಡಬೇಕಿತ್ತು ಎಂಬುದನ್ನೂ ವಿಚಾರಿಸುತ್ತ ಕಥೆ ಓದುವುದಕ್ಕೆ ವಿಮರ್ಶಕರು ವರ್ಗದೃಷ್ಟಿಯ ಓದು ಎಂದು ಹೆಸರಿಟ್ಟಿದ್ದಾರೆ. ಹೆಸರು ಒಣಕಲಾದರೂ ಅದರ ರುಚಿ ಹತ್ತಿದವರು ಬಿಡುವುದು ಕಷ್ಟ.

ಈ ರುಚಿಗೆ ಮಲಯಾಳ ಕಾದಂಬರಿ ಧಾರಾಳವಾಗಿ ಒದಗುತ್ತದೆ. 1930ರ ದಶಕದಲ್ಲಿ ತಿರುವನಂತಪುರದಿಂದ ‘ಕೇಸರಿ’ ಪತ್ರಿಕೆ ಹೊರಡಿಸಿ ಮೊಪಾಸಾ, ಇಬ್ಸೆನ್ ಮೊದಲಾದವರನ್ನು ಪರಿಚಯಿಸಿದ ಎ. ಬಾಲಕೃಷ್ಣ ಪಿಳ್ಳೆಯವರ ಕೂಟದಲ್ಲಿ, ಕಾನೂನು ಓದಲು ಆ ಊರಿಗೆ ಬಂದಿದ್ದ ತಕಳಿ ಶಿವಶಂಕರ ಪಿಳ್ಳೆಯವರೂ ಕುಳಿತು ಬೆಳೆದರು. ಪತ್ರಿಕೆ ನಿಂತ ಮೇಲೆ ಬಾಲಕೃಷ್ಣ ಪಿಳ್ಳೆಯವರು ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ಕೊಚ್ಚಿಯ ಬಳಿಯ ಪರವೂರಿನಲ್ಲಿ.

ಆ ಪರವೂರಿನ ಕಡೆಯವರೇ ಆದ ಪಿ. ಕೇಶವದೇವರ ‘ಓಡಯಿಲ್ ನಿನ್ನು’ (1942) ಕಾದಂಬರಿಯಲ್ಲಿ ಪಪ್ಪು ಎಳೆಯುತ್ತಿದ್ದ ರಿಕ್ಷಾ ತಾಗಿ ಲಕ್ಷ್ಮಿ ಎಂಬ ಬಾಲಕಿಯೊಬ್ಬಳು ಚರಂಡಿಗೆ ಬೀಳುತ್ತಾಳೆ, ಕೊಂಡು ತಂದ ಸಾಮಾನು ಹಾಳಾಗುತ್ತದೆ. ಅಲ್ಲಿಂದ ಮುಂದೆ ಅವಳ ಹೊಣೆಯೆಲ್ಲ ಪಪ್ಪುವಿನದು. ಓದಿ ಬೆಳೆದ ಲಕ್ಷ್ಮಿ ಅವನ ಬಗ್ಗೆ ನಾಚುವುದನ್ನು ಕೃತಘ್ನತೆ ಎಂದು ಬೈದುಬಿಡುವುದು ಸುಲಭ. ಆದರೆ ಪಪ್ಪುವಿನ ದುಡಿಮೆ ಅವಳನ್ನು ಯಾವ ಮೆಟ್ಟಿಲಿಗೆ ಏರಿಸಿತೋ ಅಲ್ಲಿ ರಿಕ್ಷಾ ಎಳೆಯುವವನಿಗೆ ಕೂರಲು ಜಾಗವಿರಲಿಲ್ಲ.

ತಕಳಿಯವರ ‘ಚೆಮ್ಮೀನ್’ (1956) ಇನ್ನೂ ಸೂಕ್ಷ್ಮವಾದದ್ದು. ಹೆಂಡತಿ ಕಡಲಮ್ಮನಿಗೆ ತಪ್ಪಿ ನಡೆದರೆ ಗಂಡ ಕಡಲಿಂದ ಮರಳನೆಂಬ ನಂಬಿಕೆಯ ಸುತ್ತ ನೇಯ್ದ ಪ್ರೇಮಕಥೆಯೆಂದೇ ಅದು ಪ್ರಸಿದ್ಧ. ಆದರೆ ಪ್ರೇಮಿಗಳಾದ ಕರುತ್ತಮ್ಮ ಮತ್ತು ಪರೀಕುಟ್ಟಿಯ ನಡುವೆ ಮೊದಲಿನಿಂದಲೂ ಒಂದು ಸಾಲವಿದೆ: ಅವಳ ಅಪ್ಪ ಚೆಂಬನ್‌ಕುಂಞು ದೋಣಿ, ಬಲೆ ಕೊಳ್ಳಲು ಹಣ ಹೊಂದಿಸಿದ್ದು ಈ ಮೀನು ವ್ಯಾಪಾರಿಯ ಕೊಟ್ಟಿಗೆಯಿಂದ ರಾತ್ರಿ ಹೊತ್ತು ತಂದ ಒಣಮೀನಿನಿಂದ. ತೀರಿಸಬೇಕೆಂದು ಮಗಳು ಪೀಡಿಸುತ್ತಾಳೆ, ಅಪ್ಪ ಮುಂದೂಡುತ್ತಾನೆ, ವ್ಯಾಪಾರಿ ದಿವಾಳಿಯಾಗುತ್ತಾನೆ. ಆಸ್ತಿಯ ಆಸೆಯನ್ನೂ ಎದೆಯ ಆಸೆಯನ್ನೂ ಒಂದೇ ಒಣಮೀನಿನ ಬುಟ್ಟಿಯಲ್ಲಿ ಇಟ್ಟದ್ದು ತಕಳಿಯವರ ಜಾಣ್ಮೆ.

ದೋಣಿ, ಬಲೆ, ಹೊಲದಂಥವನ್ನು ಅರ್ಥಶಾಸ್ತ್ರ ಉತ್ಪಾದನಾ ಸಾಧನ, ಅಂದರೆ ದುಡಿಮೆಯಿಂದ ಸಂಪತ್ತು ಹುಟ್ಟಿಸುವ ಸಲಕರಣೆ, ಎನ್ನುತ್ತದೆ. ತಕಳಿಯವರ ಕಡಲತೀರದಲ್ಲಿ ದೋಣಿ ಯಾರದಾಗಬೇಕೆಂಬುದನ್ನು ದುಡ್ಡಿಗಿಂತ ಮೊದಲು ಹುಟ್ಟು ತೀರ್ಮಾನಿಸುತ್ತದೆ. ಕಾರಂತರ ‘ಚೋಮನ ದುಡಿ’ಯ (1933) ಚೋಮನಿಗೂ ಎತ್ತುಗಳಿದ್ದವು, ಜಾತಿಯ ಕಾರಣಕ್ಕೆ ಹೊಲ ಮಾತ್ರ ದಕ್ಕಲಿಲ್ಲ. ಹೀಗಾಗಿ ಜಾತಿಯನ್ನು ಬದಿಗಿಟ್ಟು ವರ್ಗವೊಂದನ್ನೇ ಎಣಿಸುವ ವಿಮರ್ಶೆ ಎಷ್ಟೇ ಪಾಂಡಿತ್ಯದ್ದಾದರೂ ಈ ಎರಡು ಕೃತಿಗಳ ಮುಂದೆ ಸಾಲದು.